ಗೀತೆ ಓದಿದರೂ ಮನಸ್ಸಿಗೆ ನಾಟುತ್ತಿಲ್ಲ, ಸರಳ ಕನ್ನಡ ಅನುವಾದ ಯಾವುದಿದೆ?

ಸರಳ ಅನುವಾದ ಹುಡುಕಬೇಡಿ. ಎರಡನೇ ಅಧ್ಯಾಯ ಮುಗಿಸಿ, "ಎಲ್ಲ ಬಿಟ್ಟು ಉದಾಸೀನವಾಗಿರು ಅಂದ ಹಾಗಿದೆ, ಏನೂ ಅನಿಸಲಿಲ್ಲ, ನನಗೆ ಭಕ್ತಿ ಕಡಿಮೆಯೇನೋ" ಎಂದು ಬರೆದಿದ್ದೀರಿ. ಅದೇ ಜಾಗದಲ್ಲಿ ನಿಂತು ನಾನೂ ಅದೇ ಮಾತು ಹೇಳಿದ್ದೆ. ಇದಕ್ಕೂ ಭಕ್ತಿಗೂ ಸಂಬಂಧವಿಲ್ಲ. ಕನ್ನಡ ಬಲ್ಲವರಿಗೆ ಗೀತೆಯ ಕಷ್ಟದ ಪದಗಳು ತೊಂದರೆ ಕೊಡುವುದು ಕಡಿಮೆ. ಅರ್ಥ ನೋಡಿಕೊಂಡು ಮುಂದೆ ಹೋಗುತ್ತೇವೆ. ದಾರಿ ತಪ್ಪಿಸುವುದು ನಮಗೆ ಗೊತ್ತಿರುವ ಪದಗಳು.

ನಾನು ಎಡವಿದ್ದು ಒಂದೇ ಪದದಲ್ಲಿ: ಸಂಗ. ಎರಡನೇ ಅಧ್ಯಾಯದ 48ನೇ ಶ್ಲೋಕ "ಯೋಗಸ್ಥಃ ಕುರು ಕರ್ಮಾಣಿ ಸಂಗಂ ತ್ಯಕ್ತ್ವಾ ಧನಂಜಯ" ಎಂದು ಶುರುವಾಗುತ್ತದೆ. ನನ್ನ ಕೈಲಿದ್ದ ಪುಸ್ತಕದಲ್ಲಿ ಅದರ ಕನ್ನಡ ಹೀಗಿತ್ತು: "ಧನಂಜಯ, ಸಂಗವನ್ನು ತೊರೆದು, ಯೋಗಸ್ಥನಾಗಿ ಕರ್ಮಗಳನ್ನು ಮಾಡು." ವಿಭಕ್ತಿ ಬದಲಾಗಿದೆ, ಪದ ಹಾಗೇ ಕೂತಿದೆ. "ಅವನ ಸಂಗ ಬಿಡು" ಅನ್ನುವುದನ್ನು ಕೇಳಿ ಬೆಳೆದ ಕಿವಿಗೆ ಸಂಗ ಎಂದರೆ ಸಹವಾಸ. ಜನರ ಸಹವಾಸ ಬಿಡಬೇಕು ಎಂದು ತಿಳಿದೆ, ಬಿಟ್ಟೂ ಬಿಟ್ಟೆ. ಮನೆಯಲ್ಲಿ ನನ್ನ ಒಂದು ಮಾತು ಬೇಕಿದ್ದ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ, ಅದನ್ನೇ ವೈರಾಗ್ಯ ಅಂದುಕೊಂಡೆ. ಆ ಮುನಿಸು ಕರಗಲು ವರ್ಷಗಳೇ ಹಿಡಿದವು.

ಸಂಗ ಬಂದಿರುವುದು ಅಂಟಿಕೊಳ್ಳು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ. ಆಸಕ್ತಿ, ಅನಾಸಕ್ತಿ ಕೂಡ ಅದೇ ಧಾತುವಿನ ಮಕ್ಕಳು. ಸಹವಾಸ ಎಂಬ ಅರ್ಥ ಸಂಸ್ಕೃತದಲ್ಲೂ ಇದೆ, ಆದರೆ ಇಲ್ಲಿ ಅದು ಹೊಂದುವುದಿಲ್ಲ. ಹೊಂದುವುದಿಲ್ಲ ಅನ್ನುವುದಕ್ಕೆ ಸಾಕ್ಷಿ ಹಿಂದಿನ ಶ್ಲೋಕದಲ್ಲೇ ಇತ್ತು, ನಾನು ನೋಡಲಿಲ್ಲ. "ಕರ್ಮಣ್ಯೇವಾಧಿಕಾರಸ್ತೇ" ಎಲ್ಲರಿಗೂ ಬಾಯಿಪಾಠ. ಅದರ ನಾಲ್ಕನೇ ಪಾದ "ಮಾ ತೇ ಸಂಗೋಽಸ್ತ್ವಕರ್ಮಣಿ". ಅಕರ್ಮ ಎಂದರೆ ಏನೂ ಮಾಡದೆ ಇರುವುದು. ಏನೂ ಮಾಡದಿರುವುದರ ಜೊತೆ ಯಾರಾದರೂ ಸಹವಾಸ ಮಾಡುತ್ತಾರೆಯೇ? ಅದಕ್ಕೆ ಅಂಟಿಕೊಳ್ಳಬಹುದು, ಅಷ್ಟೇ. "ಕೈಕಟ್ಟಿ ಕೂರುವುದಕ್ಕೂ ಅಂಟಿಕೊಳ್ಳಬೇಡ" ಎಂದು ಕೃಷ್ಣ ಹೇಳಿದ ಮರುಕ್ಷಣವೇ ಸಂಗ ಬಿಡು ಅನ್ನುತ್ತಾನೆ. ನಾನು ಮಾಡಿದ್ದು ಪೂರಾ ತಿರುವುಮುರುವು: ಅಂಟು ಉಳಿಸಿಕೊಂಡು ನಂಟು ಕಡಿದುಕೊಂಡೆ.

ಇದೇ ಅಧ್ಯಾಯದ 62ನ್ನು ತೆಗೆದು ನೋಡಿ. "ಧ್ಯಾಯತೋ ವಿಷಯಾನ್ ಪುಂಸಃ ಸಂಗಸ್ತೇಷೂಪಜಾಯತೇ." ವಿಷಯವನ್ನು ಧ್ಯಾನಿಸುವವನಿಗೆ ಸಂಗ ಉಂಟಾಗುತ್ತದೆ ಎಂದು ಬರೆದರೆ ಎಲ್ಲವೂ ಕನ್ನಡವೇ, ಅರ್ಥ ಮಾತ್ರ ಶೂನ್ಯ. ಇಲ್ಲಿ ವಿಷಯ ಅಂದರೆ ಚರ್ಚೆಯ ವಿಷಯವಲ್ಲ; ಕಣ್ಣು, ಕಿವಿ, ನಾಲಿಗೆ ಬಯಸುವ ವಸ್ತು. ಧ್ಯಾನ ಅಂದರೆ ಅದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕುವುದು. ಮೆಲುಕು ಹಾಕಿದರೆ ಅಂಟು, ಅಂಟಿನಿಂದ ಬಯಕೆ, ಬಯಕೆಯಿಂದ ಸಿಟ್ಟು. 63ರಲ್ಲಿ ಸಿಟ್ಟಿನಿಂದ ಮಂಕು, ಮಂಕಿನಿಂದ ಮರೆವು, ಆಮೇಲೆ ವಿವೇಕವೇ ಹೋಗಿ ಮನುಷ್ಯ ಹಾಳಾಗುತ್ತಾನೆ. ಯಾವುದೋ ಜಗಳ ನೆನಪಿಸಿಕೊಂಡು ನಿದ್ದೆಗೆಟ್ಟ ಯಾರಿಗಾದರೂ ಈ ಸರಪಳಿ ಗೊತ್ತು. ಹೀಗೆ ಓದಿದ ದಿನ ನನಗೆ ಎರಡು ಶ್ಲೋಕ ದಾಟಿ ಮುಂದೆ ಹೋಗಲು ಆಗಲಿಲ್ಲ.

ಇನ್ನು ನಿಮ್ಮ ಉದಾಸೀನ. ಕನ್ನಡದಲ್ಲಿ ಅದು ಅಸಡ್ಡೆ. ಮೂಲದಲ್ಲಿ ಉದ್ ಮತ್ತು ಆಸೀನ, ಅಂದರೆ ಪಕ್ಷ ಹಿಡಿಯದೆ ಮೇಲೆ ಕೂತವನು. 6.9ರಲ್ಲಿ, ಅಂದರೆ ಆರನೇ ಅಧ್ಯಾಯದ 9ನೇ ಶ್ಲೋಕದಲ್ಲಿ, ಗೆಳೆಯ, ಶತ್ರು, ಮಧ್ಯಸ್ಥ ಇವರ ಸಾಲಿನಲ್ಲೇ ಉದಾಸೀನನೂ ಬರುತ್ತಾನೆ. 12.16ರಲ್ಲಂತೂ "ಅನಪೇಕ್ಷಃ ಶುಚಿರ್ದಕ್ಷ ಉದಾಸೀನೋ ಗತವ್ಯಥಃ" ಎಂದು ದಕ್ಷನ ಪಕ್ಕದಲ್ಲೇ ಇದ್ದಾನೆ. ಅಸಡ್ಡೆಯವನು ದಕ್ಷ ಹೇಗಾದಾನು? ಗೀತೆ ನಿಮಗೆ ಅಸಡ್ಡೆ ಕಲಿಸುತ್ತಿಲ್ಲ.

ಇಂಥವು ಇನ್ನೂ ಇವೆ. 2.49ರ ಕೃಪಣ ಜಿಪುಣನಲ್ಲ, ಮರುಕ ಹುಟ್ಟಿಸುವ ದೀನ. 2.65ರ ಪ್ರಸಾದ ದೇವಸ್ಥಾನದ್ದಲ್ಲ, ಕದಡಿದ ನೀರು ತಿಳಿಯಾದ ಹಾಗೆ ಮನಸ್ಸು ತಿಳಿಯಾಗುವುದು. 2.47ರ ಅಧಿಕಾರ ಕುರ್ಚಿಯ ಅಧಿಕಾರವಲ್ಲ, ನಿನ್ನ ಪಾಲಿಗೆ ಬಂದದ್ದು, ನಿನಗೆ ಸಲ್ಲುವುದು. ಯೋಗಕ್ಕೆ ಗೀತೆಯೇ ಅರ್ಥ ಕೊಡುತ್ತದೆ: 2.48ರಲ್ಲಿ ಸಮತ್ವ, 2.50ರಲ್ಲಿ ಕೆಲಸದಲ್ಲಿನ ಕುಶಲತೆ, 6.23ರಲ್ಲಿ ದುಃಖದ ನಂಟು ಕಳಚುವುದು.

ಆದ್ದರಿಂದ ತಾತ್ಪರ್ಯ ಮಾತ್ರ ಕೊಡುವ ಪುಸ್ತಕ ಎಷ್ಟೇ ಸರಳವಿದ್ದರೂ ಪಕ್ಕಕ್ಕಿಡಿ. ಪದಚ್ಛೇದ (ಸಂಧಿ ಬಿಡಿಸಿದ ಪದಗಳು), ಅನ್ವಯ (ಪದಗಳನ್ನು ವಾಕ್ಯದ ಕ್ರಮಕ್ಕೆ ಜೋಡಿಸಿದ್ದು), ಪ್ರತಿಪದಾರ್ಥ (ಒಂದೊಂದು ಪದದ ಅರ್ಥ) ಮೂರೂ ಇರುವ ಪುಸ್ತಕ ಒಂದು ಸಾಕು. ದಿನಕ್ಕೆ ಮೂರೇ ಶ್ಲೋಕ. ಮೊದಲು ಗಟ್ಟಿಯಾಗಿ ಓದಿ, ಪದ ಬಿಡಿಸಿ. "ಇದು ನನಗೆ ಗೊತ್ತು" ಅನಿಸಿದ ಪ್ರತಿ ಪದಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿ. ತಾತ್ಪರ್ಯವನ್ನು ಒಂದು ಕಾಗದದಿಂದ ಮುಚ್ಚಿ, ಪ್ರತಿಪದಾರ್ಥ ಮಾತ್ರ ನೋಡಿಕೊಂಡು, ಸುತ್ತು ಹಾಕಿದ ಯಾವ ಪದವನ್ನೂ ಬಳಸದೆ ನಿಮ್ಮದೇ ವಾಕ್ಯ ಬರೆಯಿರಿ. ಕೆಲಸ ಕೆಡುವುದು ಇಲ್ಲೇ: ಸಂಗದ ಜಾಗಕ್ಕೆ ಆಸಕ್ತಿ ಎಂದು ಇನ್ನೊಂದು ಸಂಸ್ಕೃತ ಪದ ತಂದು ಕೂರಿಸುತ್ತೇವೆ. ಕನ್ನಡದ ಆಸಕ್ತಿ ಒಳ್ಳೆಯ ಗುಣ. ಅದನ್ನು ಬಿಡು ಅಂದ ಹಾಗಾಗಿ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ. ಮನೆಮಾತಿನ ಪದವೇ ಬೇಕು. ವಾಕ್ಯ ಆದಮೇಲೆ ಕಾಗದ ಸರಿಸಿ ಹೋಲಿಸಿ. ಎಲ್ಲಿ ತಾಳೆಯಾಗುವುದಿಲ್ಲವೋ ಆ ಪದ ಗೀತೆಯಲ್ಲಿ ಇನ್ನೆಲ್ಲಿ ಬರುತ್ತದೆ ಎಂದು ಹುಡುಕಿ. ಹಿಂದೆ ಮುಂದೆ ಇರುವ ಪದಗಳೇ ಅರ್ಥ ತೋರಿಸುತ್ತವೆ, ಉದಾಸೀನಕ್ಕೆ ದಕ್ಷ ತೋರಿಸಿದ ಹಾಗೆ.

ಗೊಂದಲವಾದರೆ ಗಾಬರಿ ಬೇಡ. ಎರಡನೇ ಅಧ್ಯಾಯ ಪೂರ್ತಿ ಕೇಳಿದ ಅರ್ಜುನನೇ 3.2ರಲ್ಲಿ, "ಕಲಸಿದಂತಿರುವ ಮಾತಿನಿಂದ ನನ್ನ ಬುದ್ಧಿ ಮಂಕು ಮಾಡುತ್ತಿದ್ದೀಯಲ್ಲ, ಒಂದನ್ನು ನಿಶ್ಚಯ ಮಾಡಿ ಹೇಳು" ಎಂದು ಕೃಷ್ಣನನ್ನೇ ಕೇಳುತ್ತಾನೆ.

ಮೊದಲಿಂದ ಶುರು ಮಾಡುವುದೂ ಬೇಡ. 2.54ರಿಂದ 72ರವರೆಗಿನ ಹತ್ತೊಂಬತ್ತು ಶ್ಲೋಕ ತೆಗೆದುಕೊಳ್ಳಿ, ಒಂದು ವಾರದ ಕೆಲಸ. ಮೊದಲ ಸಾಲೇ "ಸ್ಥಿತಪ್ರಜ್ಞಸ್ಯ ಕಾ ಭಾಷಾ". ಸ್ಥಿತಪ್ರಜ್ಞ ಅಂದರೆ ಬುದ್ಧಿ ಅಲುಗಾಡದೆ ನೆಲೆನಿಂತವನು. ಭಾಷಾ ಪದಕ್ಕೆ ಸುತ್ತು ಹಾಕಿ. ಅರ್ಜುನ ಕೇಳುತ್ತಿರುವುದು ಅವನು ಯಾವ ಭಾಷೆ ಆಡುತ್ತಾನೆ ಎಂದಲ್ಲ, ಅವನನ್ನು ಗುರುತಿಸುವುದು ಹೇಗೆ ಎಂದು.