ಫ್ಯಾನಿನಲ್ಲಿ ಕ್ಯಾಮೆರಾ ಇಲ್ಲ ಅಂತ ತಮ್ಮನನ್ನು ನಂಬಿಸುವುದು ಹೇಗೆ?

ನಂಬಿಸಲು ಹೋಗಲೇಬೇಡಿ. ಡಾಕ್ಟರು ಸ್ಕಿಜೋಫ್ರೇನಿಯಾ (ಭ್ರಮೆಗಳು ನಿಜವೇ ಅನ್ನಿಸುವ ಮಾನಸಿಕ ಕಾಯಿಲೆ) ಅಂದಿದ್ದಾರೆ ಅಂತ ಬರೆದಿದ್ದೀರಿ. ನಮ್ಮ ಅಣ್ಣನಿಗೂ ಅದೇ. ಅವನ ಕ್ಯಾಮೆರಾ ಸೆಟ್‌ಟಾಪ್ ಬಾಕ್ಸಿನಲ್ಲಿತ್ತು.

ಟಿವಿಗೆ ಟವೆಲ್ ಹೊದಿಸಿ ಮಲಗುತ್ತಿದ್ದ. ಪಕ್ಕದ ಮನೆಯವರು ಗೋಡೆಯಾಚೆ ತನ್ನ ಬಗ್ಗೆಯೇ ಮಾತಾಡ್ತಾರೆ ಅನ್ನುತ್ತಿದ್ದ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಒಂದು ಭಾನುವಾರ ಅವನನ್ನು ಎದುರಿಗೆ ಕೂರಿಸಿಕೊಂಡು ಬಾಕ್ಸ್ ಬಿಚ್ಚಿದೆ. ಇದು ಟ್ಯೂನರ್, ಇದು ರಿಮೋಟಿನ ಸೆನ್ಸರ್ ಅಂತ ಒಂದೊಂದಾಗಿ ತೋರಿಸಿದೆ. ಅಣ್ಣ ಬಗ್ಗಿ ನೋಡಿದ. ಸೆನ್ಸರಿನ ಕಪ್ಪು ಉಬ್ಬನ್ನು ಬೆರಳಲ್ಲಿ ಮುಟ್ಟಿ, "ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?" ಅಂದ. ಅವತ್ತು ರಾತ್ರಿಯಿಂದ ನಾನು ಬಡಿಸಿದ ಅನ್ನ ಮುಟ್ಟಲಿಲ್ಲ. ನಾನು ಕೊಟ್ಟ ಮಾತ್ರೆಯನ್ನೂ ನುಂಗಲಿಲ್ಲ. ಅವನ ಲೆಕ್ಕದಲ್ಲಿ ನಾನೂ ಆ ಕಡೆಯವಳು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ. ಅವನಿಗೆ ವಿಷಯ ಸರಿಯಾಗಿ ಗೊತ್ತಿಲ್ಲ, ತೋರಿಸಿಬಿಟ್ಟರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ ಅದು. ಯಾವುದು ಮುಖ್ಯ, ಯಾವುದಕ್ಕೆ ಗಮನ ಕೊಡಬೇಕು ಅಂತ ಮೆದುಳು ಗುರುತಿಸುವುದರಲ್ಲಿ ಡೋಪಮೈನ್ ಅನ್ನುವ ಮೆದುಳಿನ ರಾಸಾಯನಿಕ ಕೆಲಸ ಮಾಡುತ್ತದೆ. ಈ ಕಾಯಿಲೆಯಲ್ಲಿ ಅದು ಏರುಪೇರಾಗುತ್ತದೆ. ಆಗ ಯಾರೋ ಕೆಮ್ಮಿದ್ದು, ಬೀದಿಯ ಹಾರ್ನ್, ಬಾಕ್ಸಿನ ಕೆಂಪು ದೀಪ ಎಲ್ಲವೂ ತನಗೇ ಹೇಳಿದ್ದು ಅನ್ನಿಸುತ್ತದೆ. ಹಾಗನ್ನಿಸಿದ್ದಕ್ಕೆ ಒಂದು ಕಾರಣ ಬೇಕಲ್ವಾ? ಅಣ್ಣನಿಗೆ ಕ್ಯಾಮೆರಾ ಸಿಕ್ಕಿತು. ನಮ್ಮಜ್ಜಿ ಕಾಲದವನಾಗಿದ್ದರೆ ಮಾಟ ಅನ್ನುತ್ತಿದ್ದನೇನೋ. ಆಮೇಲೆ ನೀವು ಕೊಡುವ ಸಾಕ್ಷಿಯೂ ಅದೇ ಕಥೆಯೊಳಗೆ ಹೋಗಿ ಕೂರುತ್ತದೆ, ನನ್ನ ಸ್ಕ್ರೂಡ್ರೈವರ್ ಹೋಗಿ ಕೂತಿತಲ್ಲ ಹಾಗೆ.

1959ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಮಿಲ್ಟನ್ ರೊಕೀಚ್ ಅನ್ನುವ ಮನಶ್ಶಾಸ್ತ್ರಜ್ಞ, 'ನಾನೇ ಯೇಸು' ಅನ್ನುತ್ತಿದ್ದ ಮೂವರು ರೋಗಿಗಳನ್ನು ಸುಮಾರು ಎರಡು ವರ್ಷ ಒಟ್ಟಿಗೆ ಇರಿಸಿದ್ದ. ಒಬ್ಬರನ್ನೊಬ್ಬರು ನೋಡಿಯಾದರೂ ಭ್ರಮೆ ಬಿಡಲಿ ಅಂತ. ಯಾರಿಗೂ ವಾಸಿಯಾಗಲಿಲ್ಲ. ಉಳಿದಿಬ್ಬರು ಯಾಕೆ ಹಾಗೆ ಹೇಳ್ತಾರೆ ಅನ್ನುವುದಕ್ಕೆ ಪ್ರತಿಯೊಬ್ಬನೂ ಒಂದು ಕಾರಣ ಹುಡುಕಿಕೊಂಡ, ಅಷ್ಟೇ.

ಕ್ಯಾಮೆರಾ ವಿಷಯ ಬಿಟ್ಟು ನಿಮ್ಮ ತಮ್ಮನ ಭಯ ಹಿಡಿಯಿರಿ. ಭಯ ನಿಜವಾದದ್ದೇ. "ಹಾಗಾದ್ರೆ ನಿದ್ದೆ ಹೇಗೋ ಬರುತ್ತೆ?" ಅಂತ ಕೇಳಿ. ಹೌದು, ಕ್ಯಾಮೆರಾ ಇದೆ ಅಂತ ತಾಳ ಹಾಕಲೂ ಬೇಡಿ. ಅಣ್ಣ ಮತ್ತೆ ಮಾತ್ರೆಗೆ ಒಪ್ಪಿದ್ದು ನಿದ್ದೆಗೋಸ್ಕರ, ಅದೂ ಚಿಕ್ಕಪ್ಪನ ಕೈಯಿಂದ. ಗುಣ ಕಾಣಲು ವಾರಗಳೇ ಹಿಡಿದವು. ಈಗ ಕೆಲಸಕ್ಕೆ ಹೋಗುತ್ತಾನೆ. "ಆಗ ಇತ್ತು, ಈಗ ತೆಗೆದಿದ್ದಾರೆ" ಅನ್ನುತ್ತಾನೆ. ನಾನು ಸುಮ್ನೆ ಇರ್ತೀನಿ.

ಸಾಂಬಾರಿನಲ್ಲಿ ಮಾತ್ರೆ ಕಲಸಿ ಕೊಡಿ ಅಂತ ನೆಂಟರು ಹೇಳಿಯೇ ಹೇಳುತ್ತಾರೆ. ಖಂಡಿತ ಬೇಡ. ಒಂದು ಸಲ ಗೊತ್ತಾದರೆ, ಊಟಕ್ಕೆ ಏನೋ ಹಾಕ್ತಾರೆ ಅನ್ನುವ ಅವನ ಅನುಮಾನವನ್ನು ನೀವೇ ನಿಜ ಮಾಡಿದ ಹಾಗೆ.

ಸಾಯುವ ಅಥವಾ ಹೊಡೆಯುವ ಮಾತು ಬಂದರೆ ಮಾತ್ರ ಅವನ ಒಪ್ಪಿಗೆಗೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥ ಹೊತ್ತಿನಲ್ಲಿ ಅವನು ಬೇಡ ಅಂದರೂ ಡಾಕ್ಟರು ಪರೀಕ್ಷಿಸಿ ದಾಖಲು ಮಾಡಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾನೂನಿನಲ್ಲಿ ಅವಕಾಶವಿದೆ. ಯಾರನ್ನು ಕೇಳೋದು ಅಂತ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.