ಅಮ್ಮನ ಜೊತೆ ಎಂಟು ದಿನ ಬಾರ್ಸಿಲೋನಾ: ಹೇಗೆ ಪ್ಲಾನ್ ಮಾಡಲಿ?

ಅರವತ್ತೆಂಟು ವರ್ಷದ ಅಮ್ಮನನ್ನು ಸೆಪ್ಟೆಂಬರ್‌ನಲ್ಲಿ ಎಂಟು ದಿನಕ್ಕೆ ಬಾರ್ಸಿಲೋನಾಗೆ ಕರೆದುಕೊಂಡು ಹೋಗಬೇಕು, ನಡುವೆ ರೋಮ್ ಕೂಡ ನೋಡಿ ಬರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ರೋಮ್ ಬಿಟ್ಟುಬಿಡಿ. ಎಂಟರಲ್ಲಿ ಎರಡು ದಿನ ಹೋಗಿ ಬರುವುದಕ್ಕೇ ಸರಿಹೋಗುತ್ತದೆ. ಉಳಿದ ಆರು ದಿನದಲ್ಲಿ ಮತ್ತೆ ವಿಮಾನ, ಮತ್ತೆ ಹೋಟೆಲ್ ಅಂದರೆ ಅಮ್ಮನಿಗೆ ಸುಸ್ತೇ ಜಾಸ್ತಿ. ನಾನೂ ನನ್ನ ಅಮ್ಮನ ಜೊತೆ ಹೋಗಿ ಬಂದವಳು, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅಂತ ನಾನು ವಿಮಾನ ಬದಲಿಸುವುದಕ್ಕೆ ಬರೀ ಒಂದು ಗಂಟೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಲ್ಲಿ, ಮೊದಲು ಎಲ್ಲಿ ಇಳಿಯುತ್ತೀರೋ ಇಮಿಗ್ರೇಷನ್ ಅಲ್ಲೇ ಆಗುತ್ತದೆ ಅನ್ನುವುದು ಹೊಳೆದಿರಲೇ ಇಲ್ಲ. ಸಾಲಿನಲ್ಲಿ ನಿಂತಿರುವಾಗಲೇ ವಿಮಾನ ಹೊರಟುಹೋಯಿತು. ಅಮ್ಮ ಕಾಲು ಊದಿಸಿಕೊಂಡು ಆರು ಗಂಟೆ ಕುರ್ಚಿಯಲ್ಲೇ ಕೂತರು. ನೀವು ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ. ವೀಲ್‌ಚೇರ್ ಬೇಕಾದರೆ 48 ಗಂಟೆ ಮೊದಲೇ ಏರ್‌ಲೈನ್‌ಗೆ ತಿಳಿಸಿ, ಅದಕ್ಕೆ ದುಡ್ಡಿಲ್ಲ. ವೀಸಾ ಅರ್ಜಿಯನ್ನು ಆರು ತಿಂಗಳು ಮುಂಚೆಯಿಂದಲೇ ಹಾಕಬಹುದು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು.

ಇಳಿದ ದಿನ ಏನನ್ನೂ ಬುಕ್ ಮಾಡಬೇಡಿ. ವಿಮಾನ ನಿಲ್ದಾಣದ ಬಸ್ಸಾದ ಏರೋಬಸ್ ಹತ್ತಿ ಊರ ನಡುವಿನ ಚೌಕ ಪ್ಲಾಸಾ ಕತಲುನ್ಯಾಗೆ ಬನ್ನಿ, ಬ್ಯಾಗ್ ಇಟ್ಟು ಸಂಜೆ ಬಾರ್ಸಿಲೋನೆಟಾ ಬೀಚಿಗೆ ಹೋಗಿ ಸುಮ್ನೆ ಕೂತುಕೊಳ್ಳಿ. ಬೆಳಕಿರುವಷ್ಟು ಹೊತ್ತು ಹೊರಗೇ ಇದ್ದರೆ ರಾತ್ರಿ ನಿದ್ದೆ ತಾನಾಗಿ ಬರುತ್ತದೆ.

ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ಟನ್ನು ಮಾತ್ರ ಊರು ಬಿಡುವ ಮೊದಲೇ ಆನ್‌ಲೈನಲ್ಲಿ ತೆಗೆದುಕೊಳ್ಳಿ. ಯಾವ ಹೊತ್ತಿನ ಟಿಕೆಟ್ ಅನ್ನುವುದೂ ಮುಖ್ಯ. ಬೆಳಿಗ್ಗೆ ಬಿಸಿಲು ಬೀಳುವ ಪೂರ್ವದ ಕಿಟಕಿ ಗಾಜುಗಳು ನೀಲಿ, ಹಸಿರು. ಸಂಜೆ ಬಿಸಿಲು ಬೀಳುವ ಪಶ್ಚಿಮದವು ಕೆಂಪು, ಕಿತ್ತಳೆ. ನಾವು ಬೆಳಿಗ್ಗೆ ಹೋಗಿದ್ದೆವು. ಕಂಬಗಳು ಮರದ ಹಾಗೆ ಮೇಲೆ ಹೋಗಿ ಕೊಂಬೆ ಒಡೆಯುತ್ತವೆ, ಅದರ ಕೆಳಗೆ ಅಮ್ಮ ಬೆಂಚಿನ ಮೇಲೆ ಕೂತಿದ್ದರು. ಅವರ ಬಿಳಿ ಶಾಲು ಪೂರ್ತಿ ನೀಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ಬೆಳಕು ಸರಿದು ಮಡಿಲ ಮೇಲಿದ್ದ ಕೈಗೆ ಹಸಿರು ಬಂತು. ಅಮ್ಮ ಕೈ ಅಲುಗಿಸದೆ ಅದನ್ನೇ ನೋಡುತ್ತಾ ಕೂತರು. 1882ರಲ್ಲಿ ಶುರುವಾದ ಕಟ್ಟಡ ಅದು. ಮರುವರ್ಷ ಕೆಲಸ ಕೈಗೆತ್ತಿಕೊಂಡ ವಾಸ್ತುಶಿಲ್ಪಿ ಗೌಡಿ, 1926ರಲ್ಲಿ ಟ್ರಾಮ್ ಡಿಕ್ಕಿ ಹೊಡೆದು ತೀರಿಹೋಗುವವರೆಗೂ ಅದನ್ನು ಬಿಡಲಿಲ್ಲ. ಇಲ್ಲಿಗೆ ಅರ್ಧ ದಿನ ಕೊಡಿ.

ಓಡಾಟಕ್ಕೆ ಮೆಟ್ರೋಗಿಂತ ಬಸ್ಸೇ ವಾಸಿ. ಮೆಟ್ರೋದ ಕೆಲವು ಸ್ಟೇಷನ್ನಲ್ಲಿ ಲಿಫ್ಟ್ ಇಲ್ಲ. ಪಾಸೇಜ್ ದೆ ಗ್ರಾಸಿಯಾ ಸ್ಟೇಷನ್ನಲ್ಲಿ ಲೈನ್ ಬದಲಿಸಬೇಕಾದರೆ ಸುರಂಗದಲ್ಲಿ ತುಂಬಾ ದೂರ ನಡೆಯಬೇಕು. ಹತ್ತು ಸಲ ಓಡಾಡುವ ಟಿ-ಕ್ಯಾಶುವಲ್ ಕಾರ್ಡನ್ನು ಇಬ್ಬರು ಸೇರಿ ಬಳಸುವಂತಿಲ್ಲ, ತಲೆಗೊಂದು ಬೇಕು. ಪಾರ್ಕ್ ಗ್ವೆಲ್ ಗುಡ್ಡದ ಮೇಲಿದೆ, ಅಲ್ಲಿಗೂ ಬಸ್ಸಲ್ಲೇ ಹೋಗಿ. ಲಾ ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರು ಜಾಸ್ತಿ, ಪಾಸ್‌ಪೋರ್ಟ್ ಹೋಟೆಲಲ್ಲೇ ಇರಲಿ.

ಸೆಪ್ಟೆಂಬರ್ ಅಂದಿರಲ್ವಾ, ಆಗುವುದಾದರೆ 24ನೇ ತಾರೀಖು ಸೇರುವ ಹಾಗೆ ನೋಡಿ. ಅದು ಲಾ ಮೆರ್ಸೆ, ಇಡೀ ಊರಿನ ಹಬ್ಬ. ಪ್ಲಾಸಾ ಸಂತ್ ಜಾವುಮೆಯಲ್ಲಿ ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುತ್ತಾರೆ. ಕೊನೆಗೆ ಒಂದು ಪುಟ್ಟ ಮಗು ಹೆಲ್ಮೆಟ್ ಹಾಕಿಕೊಂಡು ತುದಿಗೆ ಹತ್ತಿ ಕೈ ಎತ್ತುತ್ತದೆ. ನೂಕುನುಗ್ಗಲು ಇರುತ್ತದೆ, ಅಮ್ಮನನ್ನು ಚೌಕದ ಅಂಚಿನಲ್ಲಿ ನಿಲ್ಲಿಸಿ. ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಹೋಟೆಲ್ ಮಾತ್ರ ಈಗಲೇ ಹಿಡಿದುಬಿಡಿ.