ಅಕ್ಟೋಬರ್ ಸೆಕೆಯಲ್ಲಿ ಹಾಫ್ ಮ್ಯಾರಥಾನ್ ತಯಾರಿ

ಆಗಸ್ಟ್ ಮಳೆಯಲ್ಲಿ ಆರಾಮಾಗಿ ಮುಗಿಯುತ್ತಿದ್ದ 14 ಕಿ.ಮೀ. ಈಗ ಆಗುತ್ತಿಲ್ಲ, ಕಣಕಾಲು ನೋವು ಬೇರೆ, ಜನವರಿಯ ಮುಂಬೈ ಹಾಫ್ ಮ್ಯಾರಥಾನ್ (21 ಕಿ.ಮೀ. ಓಟ) ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ.

ವೇಗ ಇಳಿದಿರುವುದು ಬಹುಪಾಲು ಈ ಸೆಕೆಯಿಂದ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹೆಚ್ಚು ಹರಿಯುತ್ತದೆ, ಅದೇ ವೇಗಕ್ಕೂ ಎದೆಬಡಿತ ಏರುತ್ತದೆ. ನಿಮ್ಮ ಶಕ್ತಿಯೇನೂ ಕುಂದಿಲ್ಲ. ವಾಚು ನೋಡದೆ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡಿ. ಬೆಳಕು ಹರಿಯುವ ಮೊದಲೇ ಹೊರಡಿ. ಡಿಸೆಂಬರ್ ತಂಪು ಬಂದಾಗ ವ್ಯತ್ಯಾಸ ನಿಮಗೇ ಕಾಣುತ್ತದೆ.

ನನಗೆ ಚಿಂತೆಯಿರುವುದು ನೋವಿನ ಬಗ್ಗೆ. ಕಣಕಾಲಿನ ಮೂಳೆಯ ಒಳಬದಿಯುದ್ದಕ್ಕೂ ಹರಡಿದ ನೋವಾದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡದಿಂದ ಆ ಮೂಳೆಯ ಸುತ್ತ ಬರುವ ನೋವು. ದೂರವನ್ನು ಬೇಗಬೇಗ ಹೆಚ್ಚಿಸಿದಾಗ ಬರುತ್ತದೆ. ಓಟ ಕಡಿಮೆ ಮಾಡಿ, ಮೀನಖಂಡ ಬಲಪಡಿಸುವ ವ್ಯಾಯಾಮ ಮಾಡಿ. ಮಾಟುಂಗಾದಲ್ಲೇ ಇದ್ದೀರಲ್ಲ, ಮರೀನ್ ಡ್ರೈವ್‌ನ ಕಾಂಕ್ರೀಟ್ ಬಿಟ್ಟು ಕೆಲವು ದಿನ ಶಿವಾಜಿ ಪಾರ್ಕಿನ ಮಣ್ಣಿನ ಮೇಲೆ ಓಡಿ. ಆದರೆ ಬೆರಳಿಟ್ಟು ಒತ್ತಿದರೆ ಒಂದೇ ಜಾಗದಲ್ಲಿ ಚುಚ್ಚಿದರೆ, ನಡೆಯುವಾಗಲೂ ನೋಯುತ್ತಿದ್ದರೆ, ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಅದು ಮೂಳೆಯ ಸಣ್ಣ ಬಿರುಕಾಗಿರಬಹುದು, ಮೊದಲ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು.

ಅಂದಹಾಗೆ, ಅಭ್ಯಾಸದಲ್ಲಿ ಪೂರ್ತಿ 21 ಕಿ.ಮೀ. ಓಡಲೇಬೇಕೆಂದಿಲ್ಲ. ಡಿಸೆಂಬರ್ ಕೊನೆಗೆ ನೋವಿಲ್ಲದೆ 17–18 ಕಿ.ಮೀ. ತಲುಪಿದರೆ ಸಾಕು.